ದಾವಣಗೆರೆಯಲ್ಲಿ ಚೇಂಬರ್ ಆರ್ಕೆಸ್ಟ್ರಾ ಕೇಳಲು ಹೋಗುವವರಿಗೆ

ನಮ್ಮೂರಿನಲ್ಲಿ ಆರ್ಕೆಸ್ಟ್ರಾ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಗಣೇಶನ ಪೆಂಡಾಲಿನಲ್ಲೋ ದುಗ್ಗಮ್ಮನ ಜಾತ್ರೆಯಲ್ಲೋ ರಾತ್ರಿ ಹೊತ್ತು ನಡೆಯುವ ರಸಮಂಜರಿ ಕಾರ್ಯಕ್ರಮ: ಕೀಬೋರ್ಡು, ರಿದಂ ಪ್ಯಾಡು, ಆಳೆತ್ತರದ ಸ್ಪೀಕರುಗಳು, ಸಿನಿಮಾ ಹಾಡುಗಳು. ಆದ್ದರಿಂದ ಊರಿನ ಕೆಲವು ವೈದ್ಯರು, ಕಾಲೇಜು ವಿದ್ಯಾರ್ಥಿಗಳು, ಶಾಲಾ ಶಿಕ್ಷಕರು ಹಾಗೂ ಚರ್ಚಿನಲ್ಲಿ ನುಡಿಸಿ ಅಭ್ಯಾಸವಿದ್ದ ಒಬ್ಬಿಬ್ಬರು ಸೇರಿ ಹೊಸದಾಗಿ ಕಟ್ಟಿಕೊಂಡ ಚೇಂಬರ್ ಆರ್ಕೆಸ್ಟ್ರಾದ ಆಹ್ವಾನ ಪತ್ರಿಕೆ ಕೈಗೆ ಬಂದಾಗ ಅನೇಕರು ನನ್ನನ್ನು ಕೇಳಿದ್ದು ಒಂದೇ ಮಾತು: ಅಲ್ಲಿ ಹೋಗಿ ಏನನ್ನು ಕೇಳಬೇಕು, ನಮಗೆ ಅದು ತಿಳಿಯುತ್ತದೆಯೇ? ಖಂಡಿತ ತಿಳಿಯುತ್ತದೆ. ಆದರೆ ರಾಗಸಂಗೀತ, ವಚನಗಾಯನ, ಭಜನೆಗಳನ್ನು ಕೇಳಿ ಬೆಳೆದ ನಮ್ಮ ಕಿವಿ ಒಂದೇ ದನಿಯ ಬೆನ್ನು ಹತ್ತಿ ಹೋಗುವುದಕ್ಕೆ ಪಳಗಿದೆ. ಇಲ್ಲಿ ನಾಲ್ಕೈದು ದನಿಗಳು ಒಂದೇ ಹೊತ್ತಿಗೆ ಬೇರೆ ಬೇರೆ ಮಾತನಾಡುತ್ತವೆ. ಅವುಗಳನ್ನು ಒಟ್ಟಿಗೆ ಕೇಳಿಸಿಕೊಳ್ಳಲು ಕಿವಿಯನ್ನು ಸ್ವಲ್ಪ ಸಿದ್ಧ ಮಾಡಿಕೊಂಡು ಹೋದವರಿಗೆ ಆ ಸಂಜೆ ದಕ್ಕುತ್ತದೆ. ಸುಮ್ಮನೆ ಹೋದವರಿಗೆ ಅರ್ಧ ಗಂಟೆಯಲ್ಲಿ ಎಲ್ಲವೂ ಒಂದೇ ಥರ ಕೇಳತೊಡಗುತ್ತದೆ. ಈ ಸಿದ್ಧತೆ ಹೇಗೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಚೇಂಬರ್ ಎಂದರೆ ಕೋಣೆ. ಯುರೋಪಿನ ಅರಮನೆಗಳ, ಸಿರಿವಂತರ ಮನೆಗಳ ದೊಡ್ಡ ಕೋಣೆಯಲ್ಲಿ ನುಡಿಸುವಷ್ಟು ಚಿಕ್ಕ ತಂಡ ಎಂಬ ಅರ್ಥದಲ್ಲಿ ಆ ಹೆಸರು ಬಂದಿದೆ. ಪೂರ್ಣ ಪ್ರಮಾಣದ ಸಿಂಫನಿ ಆರ್ಕೆಸ್ಟ್ರಾದಲ್ಲಿ 80ರಿಂದ 100 ಜನ ಇರುತ್ತಾರಾದರೆ ಚೇಂಬರ್ ತಂಡದಲ್ಲಿ 15ರಿಂದ 40 ಜನ ಸಾಕು. ಅವರಲ್ಲಿ ಹೆಚ್ಚಿನವರು ತಂತಿವಾದ್ಯದವರು. ನಿಮ್ಮ ಎಡಗೈ ಕಡೆಗೆ ಮೊದಲ ಪಿಟೀಲಿನವರು ಕುಳಿತಿರುತ್ತಾರೆ. ಅವರ ಪಕ್ಕದಲ್ಲಿ ಎರಡನೆಯ ಪಿಟೀಲಿನವರು. ನಂತರ ಪಿಟೀಲಿಗಿಂತ ತುಸು ದೊಡ್ಡದಾದ, ಐದು ಸ್ವರ ಕೆಳಗೆ ಶ್ರುತಿ ಮಾಡಿದ ವಿಯೋಲಾ. ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೊ. ಎಲ್ಲರ ಹಿಂದೆ ಆಳೆತ್ತರದ ಡಬಲ್ ಬಾಸ್. ಕೆಲವು ತಂಡಗಳಲ್ಲಿ ವಿಯೋಲಾ ಮತ್ತು ಚೆಲ್ಲೊ ಜಾಗ ಬದಲಾಯಿಸಿಕೊಂಡಿರುತ್ತವೆ. ಕೃತಿಗೆ ತಕ್ಕಂತೆ ಕೊಳಲು, ಓಬೋ, ಹಾರ್ನ್ ಸೇರಬಹುದು. ಹೊಸ ತಂಡಗಳಿಗೆ ವಿಯೋಲಾ ನುಡಿಸುವವರು ಸಿಗುವುದು ಸುಲಭವಲ್ಲ. ಆಗ ಪಿಟೀಲಿನವರೇ ಯಾರಾದರೂ ಅದರ ಪಾಲನ್ನು ಹೊರುತ್ತಾರೆ, ಊದುವ ವಾದ್ಯಗಳ ಜಾಗವನ್ನು ಕೀಬೋರ್ಡ್ ತುಂಬುತ್ತದೆ. ಇದನ್ನು ಕೊರತೆ ಎಂದು ಎಣಿಸಬೇಡಿ. ಸಮುದಾಯದ ತಂಡವೆಂದರೆ ಇದ್ದವರನ್ನು ಇಟ್ಟುಕೊಂಡು ಕಟ್ಟುವ ತಂಡ; ಹಗಲೆಲ್ಲ ದುಡಿದು, ವಾರಕ್ಕೊಂದು ಸಂಜೆ ಕೂಡಿ ಅಭ್ಯಾಸ ಮಾಡುವವರ ತಂಡ.

ಇದು ನಮ್ಮದಲ್ಲದ ಸಂಗೀತ ಎಂಬ ಹಿಂಜರಿಕೆ ಕೆಲವರಲ್ಲಿದೆ. ಆ ಹಿಂಜರಿಕೆಗೆ ಕಾರಣವಿಲ್ಲ. ಇಂದು ಕರ್ನಾಟಕ ಸಂಗೀತದ ಕಛೇರಿಯನ್ನು ಪಿಟೀಲಿಲ್ಲದೆ ಊಹಿಸುವುದೇ ಕಷ್ಟ. ಅದನ್ನು ಯುರೋಪಿನವರಿಂದ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಮುತ್ತುಸ್ವಾಮಿ ದೀಕ್ಷಿತರೇ ಬ್ರಿಟಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದ ಸಾಹಿತ್ಯ ಹೊಂದಿಸಿ ನೊಟ್ಟುಸ್ವರಗಳನ್ನು ರಚಿಸಿದರು. ಪಾಠಕ್ಕೆ ಹೋಗುವ ಎಷ್ಟೋ ಮಕ್ಕಳು ಹಾಡುವ ‘ಶಕ್ತಿಸಹಿತ ಗಣಪತಿಂ’ ಅಂಥದ್ದೇ ಒಂದು. ಮೈಸೂರಿನ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ರಷ್ಯಾದ ಸಂಗೀತಗಾರ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು, ಎಂದರೆ ಒಂದು ವಾದ್ಯವನ್ನು ಮುಂದಿಟ್ಟು ಆರ್ಕೆಸ್ಟ್ರಾ ಜೊತೆ ನುಡಿಸುವ ಬಗೆಯ ಕೃತಿಯನ್ನು, ಅವರಿಗೇ ಅರ್ಪಿಸಿದ. ಸಂಗೀತಪ್ರಿಯ ಕನ್ನಡಿಗರ ಮನೆಯಲ್ಲಿ ಈ ಸಂಗೀತ ಎಂದೋ ಬಂದು ಹೋಗಿ ಮಾಡಿದೆ. ಈಗ ದಾವಣಗೆರೆಗೆ ಬರುತ್ತಿದೆ, ಅಷ್ಟೇ.

ಮನೆಯಲ್ಲಿ ಮಾಡಿಕೊಳ್ಳುವ ಸಿದ್ಧತೆ

ಆಹ್ವಾನ ಪತ್ರಿಕೆಯಲ್ಲೋ ವಾಟ್ಸಾಪ್ ಸಂದೇಶದಲ್ಲೋ ಅಂದು ನುಡಿಸುವ ಕೃತಿಗಳ ಪಟ್ಟಿ ಇರುತ್ತದೆ. ಇಲ್ಲದಿದ್ದರೆ ಆಯೋಜಕರನ್ನು ಕೇಳಿ ತರಿಸಿಕೊಳ್ಳಿ. ಇದನ್ನು ಕೇಳುವವರು ಸಿಕ್ಕರೆ ಅವರಿಗೆ ಸಂತೋಷವೇ ಆಗುತ್ತದೆ. ಪಟ್ಟಿಯಲ್ಲಿ ಕೃತಿಯ ಹೆಸರಿನ ಮುಂದೆ ಕೆ. 525, ಆರ್‌ವಿ 269 ಎಂಬಂಥ ಗುರುತುಗಳು ಕಂಡರೆ ಗಾಬರಿ ಬೇಡ, ಅವು ಆಯಾ ರಚನೆಕಾರರ ಕೃತಿಸೂಚಿಯ ಕ್ರಮಸಂಖ್ಯೆಗಳು. ಹದಿನೆಂಟನೆಯ ಶತಮಾನದ ರಚನೆಕಾರ ಮೊಜಾರ್ಟ್‌ನ ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ 1862ರಲ್ಲಿ ಸೂಚಿ ಪ್ರಕಟಿಸಿದ ಕೋಶೆಲ್ ಎಂಬುವನ ಹೆಸರಿನ ಮೊದಲಕ್ಷರವೇ ಆ ‘ಕೆ’. ಅಲೆಗ್ರೊ ಎಂದರೆ ಚುರುಕು ನಡೆ, ಅಂಡಾಂಟೆ ಎಂದರೆ ಆರಾಮವಾಗಿ ನಡೆದು ಹೋಗುವ ವೇಗ, ಅಡಾಜಿಯೊ ಮತ್ತು ಲಾರ್ಗೊ ಎಂದರೆ ವಿಳಂಬ, ಪ್ರೆಸ್ಟೊ ಎಂದರೆ ತುಂಬ ದ್ರುತ. ಇಷ್ಟು ಗೊತ್ತಿದ್ದರೆ ಪಟ್ಟಿ ಓದಬಹುದು.

ಪಟ್ಟಿ ಸಿಕ್ಕ ಮೇಲೆ ಅದರಲ್ಲಿನ ಎಲ್ಲವನ್ನೂ ಕೇಳಲು ಹೊರಡಬೇಡಿ. ಒಂದೇ ಕೃತಿಯನ್ನು ಆರಿಸಿಕೊಂಡು, ಮೂರು ದಿನ, ದಿನಕ್ಕೊಮ್ಮೆ ಕೇಳಿ. ಮೊದಲ ದಿನ ಸುಮ್ಮನೆ ಕೇಳಿ. ಎರಡನೆಯ ದಿನ ಎಲ್ಲಕ್ಕಿಂತ ಕೆಳಗಿನ ದನಿಯನ್ನು, ಎಂದರೆ ಚೆಲ್ಲೊ ಮತ್ತು ಬಾಸನ್ನು ಮಾತ್ರ ಹಿಡಿದುಕೊಂಡು ಕೊನೆಯವರೆಗೆ ಹೋಗಿ. ಮೂರನೆಯ ದಿನ ಮೇಲಿನದ್ದೂ ಕೆಳಗಿನದ್ದೂ ಅಲ್ಲದ ನಡುವಿನ ದನಿಗಳು ಏನು ಮಾಡುತ್ತಿವೆ ಎಂದು ಹುಡುಕಿ. ಮೊಬೈಲಿನ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲವಾದ್ದರಿಂದ ಇಯರ್‌ಫೋನ್ ಹಾಕಿಕೊಳ್ಳಲೇಬೇಕು.

ಹೊಸ ತಂಡಗಳು ಬಹಳವಾಗಿ ಆರಿಸಿಕೊಳ್ಳುವ ಪಾಖೆಲ್‌ಬೆಲ್‌ನ ‘ಕ್ಯಾನನ್’ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಪಾಖೆಲ್‌ಬೆಲ್ 1653ರಿಂದ 1706ರವರೆಗೆ ಬದುಕಿದ್ದ ಜರ್ಮನಿಯ ಆರ್ಗನ್ ವಾದಕ. ಅವನ ಈ ಕೃತಿಯ ತಳಹದಿ ಕೇವಲ ಎಂಟು ಸ್ವರ. ಹಾರ್ಮೋನಿಯಂನ ಬಿಳಿ ಎರಡನ್ನು, ಎಂದರೆ ಎರಡನೆಯ ಬಿಳಿ ಮನೆಯನ್ನು, ಷಡ್ಜ ಮಾಡಿಕೊಂಡು, ಶಂಕರಾಭರಣದ ಸ್ವರಸ್ಥಾನಗಳಲ್ಲಿ ‘ಸ ಪ ದ ಗ ಮ ಸ ಮ ಪ’ ಎಂದು ಮಂದ್ರದಲ್ಲಿ ನಿಧಾನವಾಗಿ ಹಾಡಿಕೊಳ್ಳಿ. ಚೆಲ್ಲೊ ನುಡಿಸುವುದು ಅಷ್ಟನ್ನೇ. ಆದಿತಾಳದ ಒಂದು ಆವರ್ತಕ್ಕೆ ಸರಿಯಾಗುವ ಈ ಎಂಟು ಸ್ವರಗಳು ಒಂದಕ್ಷರವೂ ಬದಲಾಗದೆ 28 ಸಲ ಬರುತ್ತವೆ. ಮೊದಲ ಆವರ್ತ ಚೆಲ್ಲೊಗೆ ಮೀಸಲು. ಎರಡನೆಯ ಆವರ್ತಕ್ಕೆ ಒಂದು ಪಿಟೀಲು ಶುರು ಮಾಡುತ್ತದೆ. ಮೂರನೆಯ ಆವರ್ತದಲ್ಲಿ ಇನ್ನೊಂದು ಪಿಟೀಲು, ಮೊದಲನೆಯದು ಈಗಾಗಲೇ ನುಡಿಸಿ ಮುಂದೆ ಹೋದ ಸೊಲ್ಲನ್ನೇ ಹಿಡಿದು ಹೊರಡುತ್ತದೆ. ನಾಲ್ಕನೆಯದರಲ್ಲಿ ಮೂರನೆಯ ಪಿಟೀಲು. ನಮ್ಮ ಭಜನೆಯಲ್ಲಿ ಮುಂದಿನವರು ಒಂದು ಸೊಲ್ಲು ಹೇಳಿ ಮುಗಿಸಿದ ಮೇಲೆ ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರಲ್ಲ, ಹಾಗೆಯೇ ಇದು. ವ್ಯತ್ಯಾಸವಿಷ್ಟೇ, ಇಲ್ಲಿ ಮುಂದಿನವರು ನಿಲ್ಲುವುದಿಲ್ಲ, ಹಿಂದಿನವರು ಹಳೆಯ ಸೊಲ್ಲು ಹೇಳುತ್ತಿರುವಾಗಲೇ ಅದರ ಮೇಲೆ ಹೊಸ ಸೊಲ್ಲನ್ನು ಹೂಡುತ್ತಾರೆ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಿನವರಿಗೆ ಹಾಸುಹೊಕ್ಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ಎಂಟು ಸ್ವರಗಳು ಹಾಸು, ಪಿಟೀಲುಗಳು ಹೊಕ್ಕು.

ಈ ತಂಡದ ಮೊದಲ ಕಛೇರಿಗೆ ನಾನು ನಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕಂಪನಿ ನಾಟಕಗಳ ಕಾಲದಿಂದ ಲೆಗ್ ಹಾರ್ಮೋನಿಯಂ ಕೇಳಿ ರೂಢಿಯಿದ್ದ ಅವರು, ಎಲ್ಲರೂ ವಾದ್ಯ ಹಿಡಿದು ಕುಳಿತದ್ದನ್ನು ನೋಡಿ, “ಹಾಡೋರು ಇನ್ನೂ ಬಂದಿಲ್ಲೇನು, ತಮ್ಮಾ?” ಎಂದರು. “ಯಾರೂ ಹಾಡಲ್ಲ ದೊಡ್ಡಮ್ಮ, ಆ ದೊಡ್ಡ ವಾದ್ಯ ಐತಲ್ಲ, ಅದನ್ನ ನೋಡ್ತಿರು” ಎಂದೆ. ಕ್ಯಾನನ್ ಶುರುವಾಗಿ ನಾಲ್ಕೈದು ಆವರ್ತ ಕಳೆಯುವಷ್ಟರಲ್ಲಿ ಅವರ ಬೆರಳು ತೊಡೆಯ ಮೇಲೆ ಎಣಿಸತೊಡಗಿತ್ತು. ಕೃತಿ ಮುಗಿದ ಮೇಲೆ, “ಅವನೊಬ್ಬ ಒಂದೇ ಮಾತು ಹೇಳ್ತಾ ಕುಂತಾನೆ, ಉಳಿದೋರು ಅದರ ಮ್ಯಾಲೆ ಆಡ್ತಾರೆ” ಎಂದರು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಸಭಾಂಗಣಕ್ಕೆ ಹೋಗುವುದು

ಸಮಯದ ವಿಷಯದಲ್ಲಿ ನಮ್ಮ ರೂಢಿಯನ್ನು ಅಂದೊಂದು ದಿನ ಬಿಡಬೇಕು. ಆರೂವರೆ ಎಂದು ಅಚ್ಚಾಗಿದ್ದರೆ ಏಳಕ್ಕೆ ಶುರುವಾಗುತ್ತದೆ ಎಂದು ಲೆಕ್ಕ ಹಾಕಿ ಹೊರಡುವುದು ಇಲ್ಲಿ ನಡೆಯುವುದಿಲ್ಲ. ನುಡಿಸುತ್ತಿರುವಾಗ ಬಾಗಿಲು ತೆಗೆಯುವುದಿಲ್ಲ. ತಡವಾಗಿ ಬಂದವರು ಒಂದು ಕೃತಿ ಮುಗಿಯುವ ತನಕ ಹೊರಗೆ ನಿಲ್ಲಬೇಕಾಗುತ್ತದೆ. ಕಾಲು ಗಂಟೆ ಮೊದಲೇ ಹೋಗಿ ಕೂರಿ. ಹರಿಹರ, ಮಲೇಬೆನ್ನೂರು ಕಡೆಯಿಂದ ಬರುವವರು ಹಿಂದಿರುಗುವ ಬಸ್ಸಿನ ಹೊತ್ತನ್ನು ಮೊದಲೇ ನೋಡಿಕೊಂಡು, ಮಧ್ಯೆ ಏಳಬೇಕಾದರೆ ಅಂಚಿನ ಕುರ್ಚಿ ಹಿಡಿಯುವುದು ಒಳ್ಳೆಯದು.

ಸ್ವಾಗತ, ದೀಪ ಬೆಳಗುವುದು, ಶಾಲು, ಹಾರ, ಹಣ್ಣಿನ ಬುಟ್ಟಿ, ಅತಿಥಿಗಳ ಮಾತು ನಮ್ಮ ಎಲ್ಲ ಕಾರ್ಯಕ್ರಮಗಳಲ್ಲೂ ಇರುವಂಥವೇ. ಆಯೋಜಕರಲ್ಲಿ ನನ್ನ ಒಂದು ಮನವಿ: ಇವನ್ನೆಲ್ಲ ಕಛೇರಿಯ ಕೊನೆಗೆ ಇಟ್ಟುಕೊಳ್ಳಿ. ಶ್ರುತಿ ಮಾಡಿ ಸಿದ್ಧವಾದ ತಂತಿಗಳು ವೇದಿಕೆಯ ದೀಪಗಳ ಬಿಸಿಯಲ್ಲಿ ಮುಕ್ಕಾಲು ಗಂಟೆ ಕಾದರೆ ಇಳಿದುಬಿಡುತ್ತವೆ. ಕೆಲಸ ಮುಗಿಸಿ ಓಡೋಡಿ ಬಂದು, ಬೆರಳು ಬಿಸಿ ಮಾಡಿಕೊಂಡು ಕುಳಿತ ಹವ್ಯಾಸಿಗಳ ಏಕಾಗ್ರತೆಯೂ ಇಳಿಯುತ್ತದೆ. ಎಷ್ಟೋ ತಿಂಗಳ ಅಭ್ಯಾಸ ಹೀಗೆ ಪೋಲಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಬಾಪೂಜಿ ಸಭಾಂಗಣದಲ್ಲೋ ಕುವೆಂಪು ಕನ್ನಡ ಭವನದಲ್ಲೋ ನೀವು ಈವರೆಗೆ ಕೇಳಿರುವ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಮೈಕಿನ ಮೂಲಕ ಕೇಳಿದಂಥವು. ಚೇಂಬರ್ ಆರ್ಕೆಸ್ಟ್ರಾಕ್ಕೆ ಮೈಕ್ ಇರುವುದಿಲ್ಲ, ಇರಲೂ ಬಾರದು. ಮರದ ಒಡಲಿನಿಂದ ಹೊರಟ ನಾದ ಗಾಳಿಯಲ್ಲೇ ಬೆರೆತು ನಿಮ್ಮ ಬಳಿಗೆ ಬರಬೇಕು. ಆದ್ದರಿಂದ ಎಲ್ಲಿ ಕೂರುತ್ತೀರಿ ಎಂಬುದು ಮುಖ್ಯ. ತೀರ ಮುಂದಿನ ಸಾಲಿನಲ್ಲಿ ಕುಳಿತರೆ ನಿಮಗೆ ಹತ್ತಿರವಿರುವ ವಾದ್ಯವೊಂದೇ ಕೇಳುತ್ತದೆ. ಬಾಲ್ಕನಿಯ ಕೆಳಗೆ ಕುಳಿತರೆ ದನಿ ಮಂಕಾಗುತ್ತದೆ. ಮುಂದಿನಿಂದ ಆರೇಳು ಸಾಲು ಬಿಟ್ಟು ನಡುವಿನ ಕುರ್ಚಿ ಹಿಡಿಯಿರಿ. ಗೋಡೆಯ ಫ್ಯಾನಿನ ಕೆಳಗೂ ಜನರೇಟರ್ ಇರುವ ಕಡೆಯ ಬಾಗಿಲ ಬಳಿಯೂ ಕೂರಬೇಡಿ. ಫ್ಯಾನುಗಳು ಇನ್ನೊಂದು ರೀತಿಯಲ್ಲೂ ತೊಂದರೆ ಕೊಡುತ್ತವೆ: ವಾದಕರ ಮುಂದಿನ ಸ್ಟ್ಯಾಂಡುಗಳ ಮೇಲೆ ಸ್ವರಲಿಪಿಯ ಬಿಡಿ ಹಾಳೆಗಳಿರುತ್ತವೆ, ಅವು ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿರುತ್ತಾರೆ. ಹಾಗಾಗಿ ವೇದಿಕೆಯ ಬಳಿಯ ಫ್ಯಾನುಗಳನ್ನು ನಿಲ್ಲಿಸಲು ಹೇಳಿದರೆ ಏಪ್ರಿಲ್ ತಿಂಗಳ ಸೆಕೆಯಲ್ಲೂ ಬೇಸರಿಸಬೇಡಿ. ತೆಳುವಾದ ಹತ್ತಿ ಬಟ್ಟೆ ತೊಟ್ಟು ಹೋದರೆ ಅನುಕೂಲ. ಕೋಟು, ಟೈ ಯಾರೂ ನಿರೀಕ್ಷಿಸುವುದಿಲ್ಲ.

ಹೊಟ್ಟೆಯ ವಿಷಯವನ್ನೂ ಹೇಳಬೇಕು. ಸಂಜೆ ಮಂಡಕ್ಕಿ ಜೊತೆಗೆ ಮೆಣಸಿನಕಾಯಿ ತಿಂದು ನೇರವಾಗಿ ಸಭಾಂಗಣಕ್ಕೆ ಹೋದರೆ ಗಂಟಲು ಕೆರೆದು ಕೆಮ್ಮು ಬರುತ್ತದೆ, ಅದೂ ಸರಿಯಾಗಿ ವಿಳಂಬದ ಭಾಗದಲ್ಲಿ. ತಿನ್ನುವುದಿದ್ದರೆ ಒಂದು ಗಂಟೆ ಮೊದಲೇ ತಿಂದು ನೀರು ಕುಡಿದುಕೊಳ್ಳಿ. ಬೆಣ್ಣೆ ದೋಸೆಯನ್ನು ಕಛೇರಿಯ ನಂತರಕ್ಕೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರುಗಳನ್ನು ಒಳಗೆ ತರಬೇಡಿ. ಮೊಬೈಲನ್ನು ಸೈಲೆಂಟ್ ಮಾಡಿದರೆ ಸಾಲದು, ಆರಿಸಿಯೇ ಇಡಬೇಕು, ಏಕೆಂದರೆ ಕುರ್ಚಿಯ ಮೇಲೆ ಅದು ನಡುಗುವ ಸದ್ದು ಎರಡು ಸಾಲಿನಾಚೆಗೂ ಕೇಳುತ್ತದೆ. ವಿಡಿಯೋ ಮಾಡುವ ಆಸೆಯಿದ್ದರೆ ಆಯೋಜಕರ ಅನುಮತಿ ಪಡೆದು ಹಿಂದಿನ ಸಾಲಿಗೆ ಹೋಗಿ. ಮುಂದೆ ಎತ್ತಿ ಹಿಡಿದ ಪರದೆಯ ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ. ಅಂಗಿಯ ಜೇಬಿನಲ್ಲಿ ಕೀಲಿಗೊಂಚಲು, ಚಿಲ್ಲರೆ ಇಟ್ಟುಕೊಳ್ಳಬೇಡಿ. ಒಂದು ಕಛೇರಿಯಲ್ಲಿ, ಎಲ್ಲರೂ ಉಸಿರು ಬಿಗಿಹಿಡಿದಿದ್ದ ಘಳಿಗೆಯಲ್ಲಿ, ನಾನು ಮುಂದಕ್ಕೆ ಬಾಗಿದ್ದೇ ತಡ ನನ್ನ ಬೈಕಿನ ಕೀಲಿ ಸಿಮೆಂಟಿನ ನೆಲದ ಮೇಲೆ ಬಿತ್ತು. ವಿಯೋಲಾ ನುಡಿಸುತ್ತಿದ್ದ ಹುಡುಗಿ ತಲೆಯೆತ್ತಿ ನೋಡಿ ಒಂದು ಎಣಿಕೆ ತಪ್ಪಿದಳು. ಆ ತಪ್ಪು ನನ್ನದು.

ಚಿಕ್ಕ ಮಕ್ಕಳನ್ನು ಕರೆತರಬಾರದು ಎಂದು ನಾನು ಹೇಳುವುದಿಲ್ಲ. ಬಾಗಿಲಿಗೆ ಹತ್ತಿರ ಅಂಚಿನಲ್ಲಿ ಕುಳಿತು, ಮಗು ಹಟ ಮಾಡಿದ ತಕ್ಷಣ ಎತ್ತಿಕೊಂಡು ಹೊರಗೆ ಹೋದರೆ ಯಾರಿಗೂ ತೊಂದರೆಯಿಲ್ಲ.

ಶ್ರುತಿ ಮಾಡಿಕೊಳ್ಳುವುದರಿಂದಲೇ ಕೇಳಲು ಶುರು ಮಾಡಿ

ಎಲ್ಲರೂ ಕುಳಿತ ಮೇಲೆ ಮೊದಲ ಪಿಟೀಲಿನ ಮುಂದಾಳು ಎದ್ದು ನಿಂತು ಒಂದು ಸ್ವರ ಕೊಡುತ್ತಾನೆ, ಅಥವಾ ಓಬೋ ಇದ್ದರೆ ಅದು ಕೊಡುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಬಿಳಿ ಆರು. ಸೆಕೆಂಡಿಗೆ 440 ಕಂಪನ. ಉಳಿದವರು ಆ ಒಂದು ಸ್ವರಕ್ಕೆ ತಮ್ಮ ತಂತಿಯನ್ನು ಸೇರಿಸಿ, ಅಲ್ಲಿಂದ ಪಂಚಮಗಳ ಅಂತರದಲ್ಲಿ (ಡಬಲ್ ಬಾಸಿನವರು ಮಾತ್ರ ಮಧ್ಯಮಗಳ ಅಂತರದಲ್ಲಿ) ಉಳಿದ ತಂತಿಗಳನ್ನು ಹೊಂದಿಸಿಕೊಳ್ಳುತ್ತಾರೆ. ನಮ್ಮ ಪಿಟೀಲು ಸ-ಪ-ಸ-ಪ ಎಂದು ಗಾಯಕರ ಶ್ರುತಿಗೆ ಹೊಂದಿಕೊಳ್ಳುತ್ತದೆ. ಇವರದು ಯಾವ ಕೃತಿಗೂ ಬದಲಾಗದ ಒಂದೇ ಶ್ರುತಿ. ಚದುರಿದ ನಾದಗಳು ಒಂದೊಂದಾಗಿ ಬಂದು ಒಂದೇ ಗೆರೆಗೆ ನಿಲ್ಲುವ ಆ ಅರ್ಧ ನಿಮಿಷವನ್ನು ಮಾತಿನಲ್ಲಿ ಕಳೆಯಬೇಡಿ. ಯಾವ ವಾದ್ಯ ಎಲ್ಲಿದೆ, ಅದರ ದನಿ ಹೇಗಿದೆ ಎಂಬುದನ್ನು ಗುರುತು ಹಚ್ಚಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗದು. ನಮ್ಮ ಹವೆಯಲ್ಲಿ ತಂತಿ ಬೇಗ ಇಳಿಯುವುದರಿಂದ ಪ್ರತಿ ಕೃತಿಯ ನಡುವೆಯೂ ಅವರು ಮತ್ತೆ ಶ್ರುತಿ ನೋಡಿಕೊಳ್ಳಬಹುದು. ಅದು ಎಚ್ಚರದ ಲಕ್ಷಣ.

ಇಲ್ಲಿ ತಂಬೂರಿ ಇಲ್ಲ. ನಮ್ಮ ಕಿವಿಗೆ ನಿಜವಾಗಿ ಕಷ್ಟವಾಗುವುದು ಇದೇ ಎಂದು ನನ್ನ ಅನುಭವ. ನಮ್ಮಲ್ಲಿ ಷಡ್ಜ ಹಿಂದೆ ನಿಂತು ಕೊನೆಯವರೆಗೆ ಅಲುಗದೆ ಕಾಯುತ್ತದೆ. ಇವರಲ್ಲಿ ಷಡ್ಜವೇ ನಡುವೆ ಜಾಗ ಬದಲಾಯಿಸುತ್ತದೆ. ಮೊಜಾರ್ಟ್ 1787ರ ಆಗಸ್ಟಿನಲ್ಲಿ ವಿಯೆನ್ನಾದಲ್ಲಿ ಬರೆದು ಮುಗಿಸಿದ ಕೆ. 525, ‘ಒಂದು ಪುಟ್ಟ ರಾತ್ರಿಸಂಗೀತ’ ಎಂಬ ಅರ್ಥದ ಹೆಸರಿನ ಪ್ರಸಿದ್ಧ ಕೃತಿಯನ್ನೇ ತೆಗೆದುಕೊಳ್ಳಿ. ಬಿಳಿ ಐದು ಅದರ ಷಡ್ಜ. ಎಲ್ಲ ವಾದ್ಯಗಳೂ ಒಂದೇ ದನಿಯಾಗಿ ‘ಸ, ಪ ಸ, ಪ ಸ ಪ ಸ ಗ ಪ’ ಎಂದು ಏರುವ ಆರಂಭ ಮದುವೆ ಮನೆಯ ಬಾಗಿಲು ತೆರೆದ ಹಾಗಿರುತ್ತದೆ. ಆಮೇಲೆ ದನಿಗಳು ಬೇರೆಯಾಗುತ್ತವೆ, ಸ್ವಲ್ಪ ಹೊತ್ತಿಗೆ ಸಂಗೀತ ತುಸು ನಿಂತಂತಾಗಿ, ಮೆತ್ತಗಿನ ಇನ್ನೊಂದು ಮಟ್ಟು ಬರುತ್ತದೆ. ಆ ಹೊತ್ತಿಗೆ ಹಿಂದಿನ ಪಂಚಮ ಹೊಸ ಷಡ್ಜವಾಗಿಬಿಟ್ಟಿದೆ. ನಮ್ಮವರ ಮಾತಿನಲ್ಲಿ ಹೇಳುವುದಾದರೆ ಒಂದು ರೀತಿಯ ಗ್ರಹಭೇದ. ನೀವು ಹಳೆಯ ಷಡ್ಜವನ್ನೇ ಗಟ್ಟಿಯಾಗಿ ಹಿಡಿದು ಕುಳಿತರೆ ತಾಳ ತಪ್ಪಿದಂಥ ಕಸಿವಿಸಿ ಆಗುತ್ತದೆ. ಕೈಬಿಟ್ಟು ಅವರ ಜೊತೆ ಹೋಗಿ. ಆ ಭಾಗದ ಕೊನೆಗೆ ಅದೇ ಎರಡನೆಯ ಮಟ್ಟನ್ನೂ ಮೂಲ ಷಡ್ಜಕ್ಕೆ ತಂದು ನುಡಿಸುತ್ತಾರೆ. ಊರು ಬಿಟ್ಟು ಹೋದವರು ಮನೆಗೆ ಬಂದ ಆ ಸಮಾಧಾನ ಅನುಭವಕ್ಕೆ ಬಂದ ದಿನ ಈ ಸಂಗೀತದ ಬೀಗದ ಕೈ ನಿಮಗೆ ಸಿಕ್ಕಿತೆಂದೇ ತಿಳಿಯಿರಿ.

ಇದೇ ಕೃತಿಯ ಮೂರನೆಯ ಭಾಗ ಮಿನುಎಟ್, ಮೂರು ಎಣಿಕೆಯ ಕುಣಿತದ ಗತ್ತು. ಇಲ್ಲಿ ಕೈಯಲ್ಲಿ ತಾಳ ಹಾಕುವ ಆಸೆ ಆಗಿಯೇ ಆಗುತ್ತದೆ. ತೊಡೆಯ ಮೇಲೆ ಬೆರಳಿನಿಂದ ಸದ್ದಿಲ್ಲದೆ ಎಣಿಸಬಹುದು. ಚಪ್ಪಾಳೆಯ ತಾಳ ಬೇಡ. ಅದೇ ರೀತಿ ಭಲೇ, ಶಭಾಷ್, ಆಹಾ ಎಂಬ ಮೆಚ್ಚುಗೆಯನ್ನು ಕೊನೆಯವರೆಗೆ ಒಳಗೇ ಇಟ್ಟುಕೊಳ್ಳಬೇಕು. ನಮ್ಮ ಕಛೇರಿಯಲ್ಲಿ ರಸಿಕರ ಉದ್ಗಾರ ಗಾಯಕರಿಗೆ ಮುಂದಿನ ಸಂಗತಿಗೆ ಕಸುವು ಕೊಡುತ್ತದೆ. ಇಲ್ಲಿ ಪ್ರತಿಯೊಂದು ಸ್ವರವೂ ಬರೆದಿಟ್ಟದ್ದು. ಇಪ್ಪತ್ತು ಜನ ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಮುಂದೆ ಹೆಜ್ಜೆ ಇಡಬೇಕು. ಮೌನವಾಗಿ ಕೂರುವುದೇ ನೀವು ಅವರಿಗೆ ಕೊಡುವ ಕಸುವು.

ಇಟಲಿಯ ರಚನೆಕಾರ ವಿವಾಲ್ಡಿಯ ‘ವಸಂತ’ ಪಟ್ಟಿಯಲ್ಲಿದ್ದರೆ ಮಕ್ಕಳನ್ನು ಮುದ್ದಾಂ ಕರೆದುಕೊಂಡು ಹೋಗಿ. 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ನಾಲ್ಕು ಋತುಗಳ ಕಂಚೆರ್ಟೊಗಳಲ್ಲಿ ಮೊದಲನೆಯದು ಇದು. ಪ್ರತಿಯೊಂದಕ್ಕೂ ಜೊತೆಗೊಂದು ಪದ್ಯ ಅಚ್ಚಾಗಿದೆ, ಪದ್ಯದ ಯಾವ ಸಾಲು ಯಾವ ಸ್ವರದ ಮೇಲೆ ಎಂಬುದೂ ನಮೂದಾಗಿದೆ. ಮೊದಲ ಭಾಗದಲ್ಲಿ ಮೂರು ಪಿಟೀಲುಗಳು ಹಕ್ಕಿಗಳಂತೆ ಒಂದಕ್ಕೊಂದು ಉಲಿಯುತ್ತವೆ, ತೊರೆ ಹರಿಯುತ್ತದೆ, ಗುಡುಗು ಬಂದು ಹೋಗುತ್ತದೆ. ಎರಡನೆಯ ಭಾಗ ಲಾರ್ಗೊ. ಮೇಕೆ ಕಾಯುವವನು ನೆರಳಲ್ಲಿ ಮಲಗಿದ್ದಾನೆ, ಪಕ್ಕದಲ್ಲಿ ಅವನ ನಾಯಿ. ಒಂಟಿ ಪಿಟೀಲಿನ ಉದ್ದನೆಯ ಎಳೆ ಅವನ ನಿದ್ದೆ. ಇತರ ಪಿಟೀಲುಗಳ ಪಿಸುಗುಟ್ಟುವ ಅಲುಗಾಟ ಎಲೆಗಳ ಸದ್ದು. ಚೆಲ್ಲೊ ಮತ್ತು ಬಾಸ್ ಪೂರ್ತಿ ಸುಮ್ಮನಿರುತ್ತವೆ. ನಡುನಡುವೆ ಎರಡೆರಡು ಸಲ ಒರಟಾಗಿ ಬೊಗಳುವುದು ವಿಯೋಲಾ. ಉಳಿದವರು ಮೆಲ್ಲಗೆ ನುಡಿಸುತ್ತಿರುವಾಗ ವಿಯೋಲಾ ಮಾತ್ರ ಜೋರಾಗಿ, ಕಿತ್ತು ನುಡಿಸಬೇಕು ಎಂದು ವಿವಾಲ್ಡಿಯೇ ಬರೆದಿದ್ದಾನೆ. ಮೇಲಿನ ಪಿಟೀಲಿನ ಸೊಬಗಿಗೆ ಮಾರುಹೋಗಿ ಈ ನಾಯಿಯನ್ನು ಕೇಳಿಸಿಕೊಳ್ಳದೆ ಬಂದವರು ಬಹಳ ಮಂದಿ. ಮೂರನೆಯ ಭಾಗದಲ್ಲಿ ಹಳ್ಳಿಗರ ಕುಣಿತಕ್ಕೆ ಊದುಚೀಲದ ವಾದ್ಯದಂತೆ ಕೆಳಗಿನ ತಂತಿಗಳು ಒಂದೇ ಸ್ವರವನ್ನು ಎಳೆದು ಹಿಡಿಯುತ್ತವೆ. ಶ್ರುತಿಪೆಟ್ಟಿಗೆಗೆ ಹೊಂದಿದ ನಮ್ಮ ಕಿವಿ ಅಲ್ಲಿ ಹಾಯಾಗಿ ಕೂರುತ್ತದೆ.

ಕಣ್ಣಿಗೂ ಕೆಲಸವಿದೆ. ಒಂದು ಗುಂಪಿನ ಕಮಾನುಗಳೆಲ್ಲ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ ಚಲಿಸುವುದನ್ನು ಗಮನಿಸಿ. ಯಾವ ಸ್ವರಕ್ಕೆ ಕಮಾನು ಎಳೆಯಬೇಕು, ಯಾವುದಕ್ಕೆ ತಳ್ಳಬೇಕು ಎಂಬುದನ್ನು ಮುಂದಿನ ಜೋಡಿ ನಿಶ್ಚಯಿಸಿ, ಎಲ್ಲರೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ಒಂದು ಸ್ಟ್ಯಾಂಡಿಗೆ ಇಬ್ಬರು. ಪುಟ ಮುಗಿಯುವಾಗ ಒಳಬದಿಯವರು ನುಡಿಸುವುದನ್ನು ನಿಲ್ಲಿಸಿ ಹಾಳೆ ಮಗುಚುತ್ತಾರೆ, ಹೊರಬದಿಯವರು ನಿಲ್ಲದೆ ಮುಂದುವರಿಯುತ್ತಾರೆ. ಎದುರು ನಿಂತು ಕೈಸನ್ನೆಯಿಂದ ತಂಡವನ್ನು ನಡೆಸುವ ನಿರ್ವಾಹಕರಿಲ್ಲದ ಚಿಕ್ಕ ತಂಡವಾದರೆ ಮುಂದಾಳು ಉಸಿರೆಳೆದು ತಲೆಯಾಡಿಸುವುದೇ ಎತ್ತುಗಡೆಯ ಸನ್ನೆ.

ಚಪ್ಪಾಳೆ

ಒಂದು ಕೃತಿಯಲ್ಲಿ ಮೂರು ಅಥವಾ ನಾಲ್ಕು ಭಾಗಗಳಿರುತ್ತವೆ. ನಡುವೆ ಕೆಲವು ಕ್ಷಣಗಳ ಬಿಡುವು. ಈಗಿನ ರೂಢಿಯಲ್ಲಿ ಚಪ್ಪಾಳೆ ಇಡೀ ಕೃತಿ ಮುಗಿದ ಮೇಲೆ. ಮೊದಲ ಭಾಗ ಗಟ್ಟಿಯಾಗಿ, ಮುಗಿಯಿತು ಎಂಬಂತೆ ಕೊನೆಯಾಗುವುದರಿಂದ ಕೈ ತಾನಾಗಿ ಮುಂದೆ ಬರುತ್ತದೆ. ಪಟ್ಟಿಯಲ್ಲಿ ಭಾಗಗಳೆಷ್ಟು ಎಂದು ನೋಡಿ ಬೆರಳಲ್ಲಿ ಎಣಿಸುತ್ತ ಹೋಗಿ. ಅನುಮಾನ ಬಂದರೆ ವಾದಕರ ಕಡೆ ನೋಡಿ: ಪಿಟೀಲು ಇನ್ನೂ ಗಲ್ಲದ ಕೆಳಗಿದ್ದರೆ, ನಿರ್ವಾಹಕರ ಕೈ ಇನ್ನೂ ಮೇಲಿದ್ದರೆ ಕೃತಿ ಮುಗಿದಿಲ್ಲ. ಅವರು ವಾದ್ಯ ಇಳಿಸಿ ನಮ್ಮತ್ತ ತಿರುಗಿದಾಗ ಮನಸಾರೆ ತಟ್ಟಿ.

ಹಾಗೆಂದು ಮಧ್ಯದಲ್ಲಿ ತಟ್ಟಿದವರನ್ನು ತಿರುಗಿ ನೋಡಿ ಹುಬ್ಬು ಗಂಟಿಕ್ಕುವುದು ಸಲ್ಲದು. ಈ ಕಟ್ಟುಪಾಡು ಅಷ್ಟೇನೂ ಹಳೆಯದಲ್ಲ. 1778ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫನಿಯೊಂದರ ಮೊದಲ ಭಾಗ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದರೆಂದು ಮೊಜಾರ್ಟ್ ತನ್ನ ತಂದೆಗೆ ಸಂತೋಷದಿಂದ ಪತ್ರ ಬರೆದಿದ್ದಾನೆ. ಮೊದಲ ಸಲ ಬಂದವರು ಪ್ರೀತಿಯಿಂದ ತಟ್ಟಿದ ಕೈ ಅದು. ಪಕ್ಕದಲ್ಲಿ ಕುಳಿತವರು ಮುಗುಳ್ನಕ್ಕು ಸುಮ್ಮನಿದ್ದರೆ ಮುಂದಿನ ಸಲ ಅವರಿಗೇ ತಿಳಿಯುತ್ತದೆ.

ಕಛೇರಿ ಮುಗಿದ ಮೇಲೆ

ಹೊಸ ತಂಡದ ನುಡಿಸಾಣಿಕೆಯನ್ನು ತೂಗುವಾಗ ಧ್ವನಿಮುದ್ರಿಕೆಯ ಅಳತೆಗೋಲು ಬಳಸಬೇಡಿ. ಎಲ್ಲೋ ಒಂದು ಕಡೆ ಎತ್ತುಗಡೆ ತಪ್ಪುತ್ತದೆ, ಮೇಲಿನ ಸ್ಥಾಯಿಯಲ್ಲಿ ಸ್ವರ ಚೂರು ಜಾರುತ್ತದೆ. ದ್ರುತದ ಭಾಗಗಳಲ್ಲಿ ಇವು ಮುಚ್ಚಿಹೋಗುತ್ತವೆ. ವಿಳಂಬದಲ್ಲಿ ಮುಚ್ಚಿಡಲು ಎಲ್ಲಿಯೂ ಜಾಗವಿಲ್ಲ. ಆದ್ದರಿಂದ ಒಂದು ತಂಡ ಎಷ್ಟು ಬೆಳೆದಿದೆ ಎಂದು ತಿಳಿಯಬೇಕಾದರೆ ನಾನು ಅಡಾಜಿಯೊಗಳನ್ನು ಕೇಳುತ್ತೇನೆ, ಮತ್ತು ತಪ್ಪಾದ ಮೇಲೆ ಅವರು ಎಷ್ಟು ಬೇಗ ಒಬ್ಬರನ್ನೊಬ್ಬರು ಹುಡುಕಿಕೊಂಡು ಸೇರುತ್ತಾರೆ ಎಂಬುದನ್ನು ನೋಡುತ್ತೇನೆ. ಮೊದಲ ಕಛೇರಿಯಲ್ಲಿ ಎರಡು ಸಾಲು ಹಿಡಿದದ್ದು ಮೂರನೆಯ ಕಛೇರಿಯಲ್ಲಿ ಎರಡು ಎಣಿಕೆಯಲ್ಲಿ ಮುಗಿದಿತ್ತು.

ಕೂಡಲೇ ಹೊರಟುಬಿಡದೆ ವೇದಿಕೆಯ ಬಳಿ ಹೋಗಿ ನುಡಿಸಿದವರನ್ನು ಮಾತನಾಡಿಸಿ. ‘ಚೆನ್ನಾಗಿತ್ತು’ ಎಂದಷ್ಟೇ ಹೇಳುವುದಕ್ಕಿಂತ ನಿಮಗೆ ಹಿಡಿಸಿದ ಒಂದು ಜಾಗವನ್ನು ಹೆಸರಿಸಿ ಹೇಳಿದರೆ ಅವರಿಗೆ ಅದು ವರ್ಷವಿಡೀ ನೆನಪಿರುತ್ತದೆ, ಅದರಲ್ಲೂ ವಿಯೋಲಾದವರಿಗೆ ಮತ್ತು ಎರಡನೆಯ ಪಿಟೀಲಿನವರಿಗೆ. ವಾದ್ಯಗಳನ್ನು ಹತ್ತಿರದಿಂದ ತೋರಿಸಲು ಕೇಳಿ. ಕೇಳದೆ ಮುಟ್ಟಬೇಡಿ, ಕಮಾನಿನ ಕೂದಲನ್ನಂತೂ ಮುಟ್ಟಲೇಬಾರದು, ಬೆರಳಿನ ಎಣ್ಣೆ ತಾಗಿದ ಜಾಗದಲ್ಲಿ ಅದು ತಂತಿಯನ್ನು ಹಿಡಿಯುವುದಿಲ್ಲ. ಹುಂಡಿ ಇಟ್ಟಿದ್ದರೆ ಕೈಲಾದಷ್ಟು ಹಾಕಿ. ಚೆಲ್ಲೊವಿನ ಒಂದು ಜೊತೆ ತಂತಿಯ ಬೆಲೆಯೇ ಸಾವಿರಗಳಲ್ಲಿದೆ. ಕುರ್ಚಿ, ಸ್ಟ್ಯಾಂಡು ಮಡಚಿ ಜೋಡಿಸಲು ಎರಡು ಕೈ ಕೊಟ್ಟರೂ ಅದು ದೊಡ್ಡ ಸಹಾಯ.

ಸಾಧ್ಯವಿದ್ದವರು ಮುಂದಿನ ಕಛೇರಿಗೆ ಮೊದಲು ಅವರ ಒಂದು ಅಭ್ಯಾಸಕ್ಕೆ ಹೋಗಿ ಕೂರಲು ಅನುಮತಿ ಕೇಳಿ. ಅಲ್ಲಿ ಒಂದೇ ಎಂಟು ಎಣಿಕೆಯ ಸಾಲನ್ನು ಮೊದಲು ಚೆಲ್ಲೊ ಒಂದೇ ನುಡಿಸುತ್ತದೆ, ಆಮೇಲೆ ವಿಯೋಲಾ ಜೊತೆಗೂಡುತ್ತದೆ, ಆಮೇಲೆ ಎರಡನೆಯ ಪಿಟೀಲು, ಕಡೆಗೆ ಎಲ್ಲರೂ. ಪದರ ಪದರವಾಗಿ ಕಟ್ಟಿದ್ದನ್ನು ಹಾಗೆ ಬಿಡಿಸಿ ಕೇಳಿದವರಿಗೆ ಕಛೇರಿಯ ದಿನ ನಡುವಿನ ದನಿಗಳನ್ನು ಹುಡುಕುವ ಕೆಲಸವೇ ಉಳಿದಿರುವುದಿಲ್ಲ.